ನಾನು ಬರೆದ ಷರತ್ತು

2010ರ ಮಧ್ಯದಲ್ಲಿ, ಬೆಂಗಳೂರಿನ ಮಧ್ಯಮ ಗಾತ್ರದ ಒಂದು ಸಾಫ್ಟ್‌ವೇರ್ ಕಂಪನಿಯ ನೇಮಕಾತಿ ವಿಭಾಗದಲ್ಲಿ ಕೂತು ನಾನೊಂದು ಜಾಹೀರಾತು ಬರೆದೆ. ಎಸ್ಸೆಸ್ಸೆಲ್ಸಿಯಿಂದ ಬಿ.ಇ.ವರೆಗೆ ಎಲ್ಲದರಲ್ಲೂ ಶೇ. 60ಕ್ಕಿಂತ ಹೆಚ್ಚು ಅಂಕ ಇರಬೇಕು. ಬ್ಯಾಕ್‌ಲಾಗ್ ಇರಬಾರದು. ಓದಿನ ನಡುವೆಯಾಗಲಿ ಆಮೇಲಾಗಲಿ ಗ್ಯಾಪ್ ಇರಬಾರದು. 2010ರಲ್ಲಿ ಪಾಸಾದವರು ಮಾತ್ರ ಅರ್ಜಿ ಹಾಕಬೇಕು. ನಮ್ಮ ಮ್ಯಾನೇಜರ್ ಒಂದಕ್ಷರ ತಿದ್ದದೆ ಒಪ್ಪಿದರು. ಬಹಳ ದಿನಗಳ ನಂತರ ಫ್ರೆಷರ್‌ಗಳನ್ನು ತೆಗೆದುಕೊಳ್ಳಲು ಮೇಲಿನಿಂದ ಅನುಮತಿ ಬಂದಿತ್ತು. ಆಫೀಸಿನಲ್ಲಿ ಎಲ್ಲರ ಮುಖದಲ್ಲೂ ಕಳೆ ಬಂದಿತ್ತು. ಕೊನೆಯ ಆ ಎರಡು ಷರತ್ತುಗಳಿಂದ ಹೊರಗುಳಿದವರಲ್ಲಿ ನನ್ನ ಚಿಕ್ಕಮ್ಮನ ಮಗನೂ ಒಬ್ಬ. ಅವನು 2009ರ ಬ್ಯಾಚು. ಒಂದು ವರ್ಷದ ಹಿಂದೆ ಅವನಿಗೆ ‘ಸ್ವಲ್ಪ ಕಾಯಿ’ ಎಂದು ಬುದ್ಧಿ ಹೇಳಿದವಳೂ ನಾನೇ.

ಆರ್ಥಿಕ ಹಿಂಜರಿತದ ಬಗ್ಗೆ ಬಂದ ಬರಹಗಳಲ್ಲಿ ಬೀಳುವ ಕಥೆಯೇ ಹೆಚ್ಚು. ಬ್ಯಾಂಕು ಮುಳುಗಿದ್ದು, ಷೇರುಪೇಟೆ ಕುಸಿದದ್ದು, ಕೆಲಸ ಕಳೆದುಕೊಂಡವರು ರಟ್ಟಿನ ಡಬ್ಬ ಹಿಡಿದು ಹೊರಬಂದದ್ದು ಎಲ್ಲವೂ ದಾಖಲಾಗಿದೆ. ಏಳುವ ಕಥೆ ಅಷ್ಟಾಗಿ ಬಂದಿಲ್ಲ. ‘ಚೇತರಿಕೆ ಶುರುವಾಗಿದೆ’ ಎಂದು ಪತ್ರಿಕೆ ಬರೆದ ದಿನಕ್ಕೂ ಒಬ್ಬ ಹುಡುಗನ ಖಾತೆಗೆ ಮೊದಲ ಸಂಬಳ ಬೀಳುವ ದಿನಕ್ಕೂ ನಡುವೆ ಎಷ್ಟು ದೂರ, ಆ ದಾರಿಯಲ್ಲಿ ಯಾರು ಯಾರು ಅಡ್ಡ ಕೂತಿರುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಹಾಗೆ ಕೂತವರಲ್ಲಿ ನಾನೂ ಒಬ್ಬಳಾಗಿದ್ದೆ.

ನನ್ನ ಈ ತಮ್ಮ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದ. ಚಿಕ್ಕಪ್ಪ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಬ್ಯಾಂಕಿನ ಶಿಕ್ಷಣ ಸಾಲ ಇತ್ತು. 2008ರ ಆಗಸ್ಟಿನಲ್ಲಿ, ಅವನು ಏಳನೆಯ ಸೆಮಿಸ್ಟರಿನಲ್ಲಿದ್ದಾಗ, ಒಂದು ದೊಡ್ಡ ಐಟಿ ಕಂಪನಿ ಕ್ಯಾಂಪಸ್ಸಿಗೆ ಬಂದು ಅವನನ್ನು ಆರಿಸಿತು. ಆಗ ಐಟಿಯವರು ಬ್ರಾಂಚ್ ನೋಡುತ್ತಿರಲಿಲ್ಲ. ಸಿವಿಲ್ ಆದರೂ ಸರಿ, ಮೆಕ್ಯಾನಿಕಲ್ ಆದರೂ ಸರಿ, ತಲೆ ಓಡಿದರೆ ಸಾಕು, ಟ್ರೇನಿಂಗ್ ಕೊಟ್ಟು ಕೋಡಿಂಗ್ ಕಲಿಸುತ್ತಿದ್ದರು. ಆಫರ್ ಲೆಟರ್ ಬಂದ ದಿನ ಚಿಕ್ಕಪ್ಪ ಅದನ್ನು ದೇವರ ಮುಂದಿಟ್ಟು, ಮೂಲೆಗೆ ಕುಂಕುಮ ಹಚ್ಚಿ, ಅದರ ಜೆರಾಕ್ಸ್ ಮಾಡಿಸಿ ಮಂಡಿಯ ಸಾಹುಕಾರರಿಗೆ ತೋರಿಸಿ ಬಂದರು. ಆ ಸಲ ದೀಪಾವಳಿಗೆ ಹೋದಾಗ ನಾನೂ ಆ ಕುಂಕುಮದ ಗುರುತಿನ ಹಾಳೆ ನೋಡಿದ್ದೆ. ಸಂಬಳದ ಅಂಕಿ ಇರುವ ಸಾಲಿನ ಕೆಳಗೆ ಯಾರೋ ಪೆನ್ಸಿಲಿನಲ್ಲಿ ತೆಳ್ಳಗೆ ಗೀಟು ಹಾಕಿ ಇಟ್ಟಿದ್ದರು.

ಆ ಹೊತ್ತಿಗಾಗಲೇ ಲೇಮನ್ ಬ್ರದರ್ಸ್ ಬಿದ್ದಾಗಿತ್ತು. 2008ರ ಸೆಪ್ಟೆಂಬರ್ 15. ಆ ವರ್ಷದ ಜನವರಿಯಲ್ಲಿ 20 ಸಾವಿರ ದಾಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ 10 ಸಾವಿರಕ್ಕಿಂತ ಕೆಳಗೆ ಬಂದಿತ್ತು. ನ್ಯೂಯಾರ್ಕಿನ ಬ್ಯಾಂಕಿಗೂ ಶಿವಮೊಗ್ಗದ ಅಡಿಕೆ ಮಂಡಿಯ ರೈಟರ್ ಮನೆಗೂ ಏನು ಸಂಬಂಧ ಎಂದು ಚಿಕ್ಕಪ್ಪ ಕೇಳಿದ್ದರೆ ನಾನು ವಿವರಿಸಬಹುದಾಗಿತ್ತು. ನಮ್ಮ ಸಾಫ್ಟ್‌ವೇರ್ ರಫ್ತಿನ ಅರ್ಧಕ್ಕಿಂತ ಹೆಚ್ಚು ಹಣ ಬರುತ್ತಿದ್ದುದು ಅಮೆರಿಕದಿಂದ. ಅದರಲ್ಲೂ ದೊಡ್ಡ ಪಾಲು ಬ್ಯಾಂಕು, ವಿಮೆ ಕಂಪನಿಗಳದ್ದು. ಅಲ್ಲಿ ಎರಡು ಬ್ಯಾಂಕು ಸೇರಿ ಒಂದಾದರೆ ಇಲ್ಲಿ ಎರಡು ಪ್ರಾಜೆಕ್ಟುಗಳಲ್ಲಿ ಒಂದು ನಿಲ್ಲುತ್ತದೆ. ಆ ಪ್ರಾಜೆಕ್ಟಿನವರು ಕೆಲಸವಿಲ್ಲದೆ ಬೆಂಚಿಗೆ ಬರುತ್ತಾರೆ. ಬೆಂಚು ತುಂಬಿದ್ದರೆ ಹೊಸಬರನ್ನು ಕರೆಯುವವರು ಯಾರು? ಜತೆಗೆ 2009ರ ಜನವರಿ 7ರಂದು ಸತ್ಯಂ ಕಂಪನಿಯ ರಾಮಲಿಂಗ ರಾಜು ಲೆಕ್ಕಪತ್ರವೆಲ್ಲ ಸುಳ್ಳು ಎಂದು ಪತ್ರ ಬರೆದು ಒಪ್ಪಿಕೊಂಡರು. ಬೆಂಗಳೂರು, ಹೈದರಾಬಾದುಗಳಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ತಮ್ಮ ಕಂಪನಿಯ ಗೋಡೆಯನ್ನೂ ತಟ್ಟಿ ನೋಡುವಂತಾಯಿತು.

ನನ್ನ ಸ್ಥಿತಿಯೂ ಭದ್ರವಾಗಿರಲಿಲ್ಲ. ನೇಮಕಾತಿ ನಿಂತ ಕಂಪನಿಯಲ್ಲಿ ನೇಮಕಾತಿ ವಿಭಾಗಕ್ಕೆ ಏನು ಕೆಲಸ? ನಮ್ಮ ತಂಡದ ಹೆಚ್ಚಿನವರನ್ನು ಮನೆಗೆ ಕಳಿಸಿದರು. ನನ್ನನ್ನು ಉಳಿಸಿಕೊಂಡದ್ದು ಹೋಗುವವರ ಕಾಗದಪತ್ರ ಮುಗಿಸುವುದಕ್ಕೆ. ಐಡಿ ಕಾರ್ಡ್ ವಾಪಸು ಪಡೆಯುವುದು, ಪಿಎಫ್ ಫಾರಂಗೆ ಸಹಿ ಹಾಕಿಸುವುದು, ‘ಸ್ವಇಚ್ಛೆಯಿಂದ ರಾಜೀನಾಮೆ’ ಎಂಬ ಪತ್ರ ಮುಂದಿಡುವುದು. ರಾಜೀನಾಮೆ ಎಂದು ಬರೆಸಿಕೊಂಡರೆ ಅದು ಕೆಲಸದಿಂದ ತೆಗೆದದ್ದಾಗುವುದಿಲ್ಲ. ಹಾಗಾಗಿ ಹೊರಗಿನವರು ನೋಡಿದರೆ ನಮ್ಮ ಕಂಪನಿಯಲ್ಲಿ ಆ ವರ್ಷ ಯಾರೂ ಕೆಲಸ ಕಳೆದುಕೊಂಡಿರಲಿಲ್ಲ.

ಲೆಕ್ಕದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಅಮೆರಿಕದಲ್ಲಿ ಪ್ರತಿ ತಿಂಗಳು ನಿರುದ್ಯೋಗದ ಅಂಕಿ ಹೊರಬೀಳುತ್ತದೆ. ನಮ್ಮಲ್ಲಿ ಆಗ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದೊಡ್ಡ ಮಟ್ಟದ ಉದ್ಯೋಗ ಸಮೀಕ್ಷೆ ನಡೆಸುತ್ತಿದ್ದುದು ಸುಮಾರು ಐದು ವರ್ಷಕ್ಕೊಮ್ಮೆ. ಹಿಂಜರಿತದ ಪೆಟ್ಟು ಎಷ್ಟೆಂದು ತಿಳಿಯಲು ಕೇಂದ್ರದ ಲೇಬರ್ ಬ್ಯೂರೊ ತರಾತುರಿಯಲ್ಲಿ ಒಂದು ಸಮೀಕ್ಷೆ ಮಾಡಿತು. ಬಟ್ಟೆ, ವಾಹನ, ಗಣಿ, ಲೋಹ, ಒಡವೆ-ಹರಳು, ಐಟಿ-ಬಿಪಿಒ ಮುಂತಾದ ಕ್ಷೇತ್ರಗಳಲ್ಲಿ 2008ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುಮಾರು 5 ಲಕ್ಷ ಜನ ಕೆಲಸ ಕಳೆದುಕೊಂಡರು ಎಂದು ಅದು ಅಂದಾಜಿಸಿತು. ಸೂರತ್ತಿನ ವಜ್ರದ ಕೆಲಸಗಾರರ ಗೋಳು ಬೆಳಕಿಗೆ ಬಂದದ್ದು ಆಗಲೇ. ಆದರೆ ಅದು ಇದ್ದ ಕೆಲಸ ಕಳೆದುಕೊಂಡವರ ಲೆಕ್ಕ. ಕೈಯಲ್ಲಿ ಆಫರ್ ಲೆಟರ್ ಇದ್ದು ಕೆಲಸಕ್ಕೆ ಸೇರದೇ ಉಳಿದವನು ಯಾವ ಪಟ್ಟಿಗೂ ಸೇರಲಿಲ್ಲ. ಕಂಪನಿಯ ಪ್ರಕಾರ ಅವನು ಇನ್ನೂ ನೌಕರ ಅಲ್ಲ, ಕಾಲೇಜಿನ ಪ್ರಕಾರ ಅವನು ‘ಪ್ಲೇಸ್ಡ್’. ಪ್ಲೇಸ್‌ಮೆಂಟ್ ಬ್ರೋಷರಿನಲ್ಲಿ ಅವನ ಫೋಟೊ ಕೂಡ ಅಚ್ಚಾಗಿತ್ತು.

2009ರ ಜುಲೈನಲ್ಲಿ ಫಲಿತಾಂಶ ಬಂತು. ಫಸ್ಟ್ ಕ್ಲಾಸ್ ವಿತ್ ಡಿಸ್ಟಿಂಕ್ಷನ್. ಜಾಯ್ನಿಂಗ್ ಡೇಟ್ ಮಾತ್ರ ಬರಲಿಲ್ಲ. ಅದೇ ತಿಂಗಳು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ ಗ್ರಾಜುಯೇಟ್ ಟ್ರೇನಿ ಬೇಕಾಗಿದೆ ಎಂದು ಗೊತ್ತಾಗಿ ಅವನು ಹೋಗಿ ಬಂದ. ಅವರು ತೆಗೆದುಕೊಳ್ಳಲು ತಯಾರಿದ್ದರು. ಸಂಬಳ ಐಟಿಯವರು ಹೇಳಿದ್ದರ ಮೂರನೇ ಒಂದು ಭಾಗಕ್ಕೂ ಕಡಿಮೆ, ಮೇಲೆ ಎರಡು ವರ್ಷದ ಬಾಂಡು. ರಾತ್ರಿ ನನಗೆ ಫೋನ್ ಮಾಡಿದ.

‘ಅಕ್ಕಾ, ಏನ್ ಮಾಡ್ಲಿ? ಅಪ್ಪ ನಿನ್ನನ್ನೇ ಕೇಳು ಅಂದ್ರು.’

ನಾನು ಕೇಳಿದ ಮೊದಲ ಪ್ರಶ್ನೆಯೇ ಬಾಂಡಿನದು. ಬಾಂಡಿಗೆ ಸಹಿ ಹಾಕಿ, ಅಷ್ಟರಲ್ಲಿ ಕಾಲ್ ಲೆಟರ್ ಬಂದರೆ ಎರಡೂ ಕೈತಪ್ಪುತ್ತದೆ ಅಂದೆ. ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 9ರಿಂದ ಶೇ. 4.75ಕ್ಕೆ ಇಳಿಸಿದೆ, ಅಮೆರಿಕದಲ್ಲೂ ತಳ ಮುಟ್ಟಿಯಾಯಿತು, ಇನ್ನೇನು ಒಂದು ಕ್ವಾರ್ಟರು, ಸ್ವಲ್ಪ ಕಾಯಿ ಅಂದೆ. ಆರ್ಥಿಕ ಪುಟ ಓದುವವಳ ಧಾಟಿ ಅದು. ಮನೆಯಲ್ಲಿ ಬೆಂಗಳೂರಿನ ಆಫೀಸು ಕಂಡವಳು ನಾನೊಬ್ಬಳೇ ಆದ್ದರಿಂದ ನನ್ನ ಮಾತಿಗೆ ಎದುರಿರಲಿಲ್ಲ. ಮಾರನೆಯ ದಿನ ಅವನು ಫೌಂಡ್ರಿಯವರಿಗೆ ಬರುವುದಿಲ್ಲ ಎಂದು ಹೇಳಿದ.

ನಾನು ಸುಳ್ಳು ಹೇಳಿರಲಿಲ್ಲ. ಅಮೆರಿಕದ ಹಿಂಜರಿತ 2009ರ ಜೂನ್ ತಿಂಗಳಿಗೇ ಮುಗಿದಿತ್ತು ಎಂದು ಅಲ್ಲಿಯ ಅರ್ಥಶಾಸ್ತ್ರಜ್ಞರ ಸಮಿತಿ ಆಮೇಲೆ ತೀರ್ಮಾನಿಸಿತು. ನಾನು ‘ಕಾಯಿ’ ಎಂದಾಗ ಕಾಗದದ ಮೇಲೆ ಕೆಟ್ಟ ಕಾಲ ಕಳೆದುಹೋಗಿತ್ತು. ಆದರೆ ಅಲ್ಲಿಯ ನಿರುದ್ಯೋಗ ಏರುತ್ತಲೇ ಹೋಗಿ ಶೇ. 10 ಮುಟ್ಟಿದ್ದು ಆ ಅಕ್ಟೋಬರಿನಲ್ಲಿ. ಹಿಂಜರಿತಕ್ಕೆ ಮೊದಲು ಅಲ್ಲಿ ಇದ್ದಷ್ಟು ನೌಕರಿಗಳು ಮತ್ತೆ ಆಗಲು 2014ರ ಮೇ ತಿಂಗಳು ಬರಬೇಕಾಯಿತು. ಉತ್ಪಾದನೆ ಮೊದಲು ಏಳುತ್ತದೆ, ಲಾಭ ಅದರ ಬೆನ್ನಿಗೆ, ನೌಕರಿ ಎಲ್ಲಕ್ಕಿಂತ ಕೊನೆಗೆ. ಇದು ಪುಸ್ತಕ ಓದಿ ತಿಳಿಯಬೇಕಾದ ಸಂಗತಿಯೇನೂ ಆಗಿರಲಿಲ್ಲ, ನನ್ನ ಆಫೀಸಿನಲ್ಲೇ ದಿನಾ ಕಾಣುತ್ತಿತ್ತು. ಕೆಲಸ ಬಂದಾಗ ಕಂಪನಿ ಮೊದಲು ಇರುವವರನ್ನೇ ಹೆಚ್ಚು ಹೊತ್ತು ದುಡಿಸುತ್ತದೆ. ಆಮೇಲೆ ಬೆಂಚಿನವರನ್ನು ಎಬ್ಬಿಸುತ್ತದೆ. ಅದೂ ಸಾಲದಾದಾಗ ಬೇರೆ ಕಂಪನಿಯಿಂದ ಅನುಭವಸ್ಥರನ್ನು ಸೆಳೆಯುತ್ತದೆ. ಎಲ್ಲ ಮುಗಿದ ಮೇಲೆ ಫ್ರೆಷರ್. ಈ ಸರದಿ ನನಗೆ ಬಾಯಿಪಾಠವಾಗಿತ್ತು. ತಮ್ಮನೊಂದಿಗೆ ಮಾತಾಡುವಾಗ ಅದು ನೆನಪಿಗೇ ಬರಲಿಲ್ಲ. ಎಲ್ಲವೂ ಬೇಗ ಸರಿಹೋಗುತ್ತದೆ ಎಂದು ನಾನೂ ನಂಬಬೇಕಾಗಿತ್ತು, ನನ್ನ ಕುರ್ಚಿಯೂ ಅದರ ಮೇಲೇ ನಿಂತಿತ್ತು. ನನ್ನ ಆಸೆಯನ್ನೇ ಅವನಿಗೆ ಸಲಹೆಯೆಂದು ಕೊಟ್ಟೆ ಎಂದು ಈಗ ಅನಿಸುತ್ತದೆ.

ಅವನ ಕಂಪನಿಯಿಂದ ಮೇಲ್‌ಗಳು ಬಂದವು. ‘ವ್ಯವಹಾರದ ಅಗತ್ಯಕ್ಕೆ ಅನುಗುಣವಾಗಿ’ ನಿಮ್ಮ ಸೇರ್ಪಡೆಯನ್ನು ಮುಂದೂಡಲಾಗಿದೆ. ಮತ್ತೆ ಮುಂದೂಡಲಾಗಿದೆ. ಆಮೇಲೆ ಮೇಲ್ ಬರುವುದೂ ನಿಂತಿತು. ಸಾಲದ ಗಡಿಯಾರ ಮಾತ್ರ ನಿಲ್ಲಲಿಲ್ಲ. ಆಗಿನ ಶಿಕ್ಷಣ ಸಾಲದ ನಿಯಮ ಹೀಗಿತ್ತು: ಓದು ಮುಗಿದು ಒಂದು ವರ್ಷ ಅಥವಾ ಕೆಲಸ ಸಿಕ್ಕಿ ಆರು ತಿಂಗಳು, ಯಾವುದು ಮೊದಲೋ ಆಗ ಕಂತು ಶುರು. ಕೆಲಸ ಸಿಗಲಿ ಬಿಡಲಿ, ವರ್ಷ ತುಂಬಿದರೆ ಕಂತು. ಕಂತು ಶುರುವಾದಾಗ ಚಿಕ್ಕಪ್ಪ ಮಂಡಿಯ ಕೆಲಸ ಮುಗಿಸಿ ಸಂಜೆ ಇನ್ನೊಂದು ಅಂಗಡಿಯ ಲೆಕ್ಕವನ್ನೂ ಹಿಡಿದರು. ‘ಮಗನಿಗೆ ಜಾಯ್ನಿಂಗ್ ಯಾವಾಗ?’ ಎಂದು ಸಾಹುಕಾರರು ಕೇಳುವುದನ್ನೂ ಬಿಟ್ಟಿದ್ದರಂತೆ.

ಆ ತಿಂಗಳುಗಳಲ್ಲಿ ಅವನು ಹೇಗಿದ್ದ ಎನ್ನುವುದು ನನಗೆ ಚಿಕ್ಕಮ್ಮನ ಮೂಲಕ ತಿಳಿಯುತ್ತಿತ್ತು. ಮೊದಲು ದಿನಾ ಬೆಳಗ್ಗೆ ಎದ್ದು ಗ್ರಂಥಾಲಯಕ್ಕೆ ಹೋಗಿ ಪೇಪರ್ ನೋಡಿ ಬರುತ್ತಿದ್ದವನು ಬರಬರುತ್ತ ಹೋಗುವುದನ್ನು ಬಿಟ್ಟ. ಮದುವೆ, ಮುಂಜಿಗೆ ಹೊರಡುವಾಗ ತಲೆನೋವು ಎಂದು ಮಲಗುತ್ತಿದ್ದ. ಹೋದಲ್ಲೆಲ್ಲ ‘ಎಲ್ಲಪ್ಪಾ ಕೆಲಸ ಈಗ?’ ಎಂದು ಕೇಳುತ್ತಾರಲ್ಲ. ‘ಎಷ್ಟು ಹೊತ್ತಾದ್ರೂ ಏಳಲ್ಲ ಕಣೇ, ಕೂತಲ್ಲೇ ಕೂತಿರ್ತಾನೆ’ ಎಂದು ಚಿಕ್ಕಮ್ಮ ಫೋನಿನಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದರು. ಸೋಮಾರಿ ಆಗಿದ್ದಾನೆ ಎಂದು ನಾನೂ ಒಳಗೊಳಗೇ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ನನ್ನನ್ನು ಈಗಲೂ ಬಾಧಿಸುತ್ತದೆ.

ಎಷ್ಟೋ ವರ್ಷದ ನಂತರ ಮರೀಂಟಾಲ್ ಎಂಬ ಊರಿನ ಬಗ್ಗೆ ಓದಿದೆ. ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಊರು. 1929ರ ಮಹಾಕುಸಿತದ ಹೊತ್ತಿನಲ್ಲಿ ಅಲ್ಲಿದ್ದ ಬಟ್ಟೆ ಗಿರಣಿ ಮುಚ್ಚಿ ಹೆಚ್ಚುಕಡಿಮೆ ಇಡೀ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಮರೀ ಯಹೋಡಾ, ಪಾಲ್ ಲಜಾರ್ಸ್‌ಫೆಲ್ಡ್, ಹಾನ್ಸ್ ಜೈಸಲ್ ಎಂಬ ಮೂವರು ತಮ್ಮ ತಂಡದೊಂದಿಗೆ ಅಲ್ಲಿನ ಬದುಕನ್ನು ಹತ್ತಿರದಿಂದ ನೋಡಿ 1933ರಲ್ಲಿ ಪುಸ್ತಕ ಪ್ರಕಟಿಸಿದರು. ಜನರ ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು, ಗ್ರಂಥಾಲಯದಲ್ಲಿ ಶುಲ್ಕವನ್ನೂ ತೆಗೆದುಹಾಕಿದ್ದರು. ಆದರೂ ಪುಸ್ತಕ ಎರವಲು ಒಯ್ಯುವುದು ಎರಡು ವರ್ಷದಲ್ಲಿ ಅರ್ಧದಷ್ಟು ಇಳಿದಿತ್ತು. ಸಂಶೋಧಕರು ಕಿಟಕಿಯ ಮರೆಯಲ್ಲಿ ನಿಂತು, ಗಡಿಯಾರ ಹಿಡಿದು, ಬೀದಿಯಲ್ಲಿ ಜನ ನಡೆಯುವ ವೇಗ ಅಳೆದರು. ಗಂಡಸರು ನಿಧಾನವಾಗಿ, ಮತ್ತೆ ಮತ್ತೆ ನಿಂತು ನಿಂತು ನಡೆಯುತ್ತಿದ್ದರು. ಹೆಂಗಸರಿಗೆ ಮನೆಗೆಲಸ ತಪ್ಪಿರಲಿಲ್ಲವಾದ್ದರಿಂದ ಅವರ ನಡಿಗೆ ಚುರುಕಾಗಿತ್ತು. ಹಲವು ಗಂಡಸರು ಕೈಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. ಅದನ್ನು ಓದುವಾಗ ಕಣ್ಣೆದುರು ಬಂದದ್ದು ಆಸ್ಟ್ರಿಯಾ ಅಲ್ಲ, ಶಿವಮೊಗ್ಗದ ಆ ಮನೆಯ ಜಗಲಿ. ಅವನು ಸೋಮಾರಿ ಆಗಿರಲಿಲ್ಲ. ಎದ್ದು ಹೋಗಲು ಒಂದು ಜಾಗ, ಮುಟ್ಟಲು ಒಂದು ಹೊತ್ತು, ಇವೆರಡೂ ಇಲ್ಲದವನಿಗೆ ದಿನವೇ ಕೈಗೆ ಸಿಗುವುದಿಲ್ಲ ಎನ್ನುವುದು ಆಗ ನನಗೆ ತಿಳಿಯಲಿಲ್ಲ.

2010ರ ಆರಂಭದಲ್ಲಿ ಅವನಿಂದ ಮತ್ತೆ ಮತ್ತೆ ಫೋನ್ ಬರುತ್ತಿತ್ತು. ನಾನು ಎತ್ತುತ್ತಿರಲಿಲ್ಲ. ಹೇಳಲು ಹೊಸದೇನೂ ಇರಲಿಲ್ಲ, ಹಳೆಯದನ್ನು ಹೇಳಲು ಮುಖವಿರಲಿಲ್ಲ. ಮೀಟಿಂಗ್‌ನಲ್ಲಿದ್ದೇನೆ ಎಂದು ಮೆಸೇಜ್ ಹಾಕುತ್ತಿದ್ದೆ.

ಅಷ್ಟರಲ್ಲಿ ಮಾರುಕಟ್ಟೆ ತಿರುಗಿತು. ತಿರುಗಿದ ರಭಸಕ್ಕೆ ಬೆಂಗಳೂರಿನಲ್ಲಿ ಅನುಭವಸ್ಥರು ಸಿಗುವುದೇ ಕಷ್ಟವಾಯಿತು. ಜನ ಪೇಪರ್ ಹಾಕಿ ಹೆಚ್ಚು ಸಂಬಳದ ಕಡೆಗೆ ಹೊರಟರು. ಆಗ ಬರೆದದ್ದು ಆ ಜಾಹೀರಾತು.

2010ರ ಬ್ಯಾಚೇ ಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಆದೇಶ ಇತ್ತು, ನಾನು ಪಾಲಿಸಿದೆ ಎನ್ನುವ ಹಾಗಿಲ್ಲ. ಎರಡು ವರ್ಷದ ಕಟ್ಟೆ ಒಡೆದಂತೆ ಅರ್ಜಿಗಳು ಬರುತ್ತವೆ, ಅವನ್ನೆಲ್ಲ ಓದುವಷ್ಟು ಜನ ನಮ್ಮಲ್ಲಿ ಉಳಿದಿಲ್ಲ, ಯಾವುದಾದರೂ ಒಂದು ಗೆರೆ ಎಳೆಯಲೇಬೇಕು ಎಂದು ಲೆಕ್ಕ ಹಾಕಿದೆ. ವರ್ಷದ ಗೆರೆ ಎಳೆಯುವುದು ಎಲ್ಲಕ್ಕಿಂತ ಸುಲಭ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಅದರ ಕೆಳಗೆ ಇನ್ನೊಂದು ನಂಬಿಕೆಯೂ ಇತ್ತು. ಒಳ್ಳೆಯ ಹುಡುಗರಾಗಿದ್ದರೆ ಇಷ್ಟರೊಳಗೆ ಯಾರಾದರೂ ತೆಗೆದುಕೊಂಡಿರುತ್ತಿದ್ದರು, ಉಳಿದವರಲ್ಲಿ ಏನೋ ಐಬು ಇರಬೇಕು. ತೆಗೆದುಕೊಳ್ಳದೇ ಬಿಟ್ಟವರಲ್ಲಿ ನಾವೂ ಇದ್ದೆವು ಎನ್ನುವುದು ಹೊಳೆಯಲಿಲ್ಲ. 2009ರಲ್ಲಿ ನಾವೆಲ್ಲ ಬಾಗಿಲು ಹಾಕಿದ್ದೆವು, 2010ರಲ್ಲಿ ನೀವು ಹೊರಗೇಕೆ ಇದ್ದಿರಿ ಎಂದು ಅದೇ ಹುಡುಗರನ್ನು ಕೇಳುತ್ತಿದ್ದೆವು.

ಅರ್ಜಿಗಳನ್ನು ಎಕ್ಸೆಲ್ ಹಾಳೆಗೆ ಇಳಿಸಿದ್ದೆವು. ‘ಪಾಸಾದ ವರ್ಷ’ ಎಂಬ ಕಾಲಂ ಮೇಲೆ ಒತ್ತಿದರೆ ವರ್ಷಗಳ ಪಟ್ಟಿ ತೆರೆಯುತ್ತದೆ, ಪಕ್ಕದಲ್ಲಿ ಪುಟ್ಟ ಚೌಕದೊಳಗೆ ಗುರುತು. 2009ರ ಗುರುತು ತೆಗೆದರೆ ಅಷ್ಟೂ ಸಾಲುಗಳು ಕಣ್ಣಿನಿಂದ ಮರೆಯಾಗುತ್ತವೆ. ಎಡಗಡೆ ಸಾಲಿನ ಸಂಖ್ಯೆಗಳು ಮಾತ್ರ ನಡುನಡುವೆ ಹಾರಿಹೋಗಿರುತ್ತವೆ, 14ರ ನಂತರ 19, ಆಮೇಲೆ 31. ನಮ್ಮ ಷರತ್ತು ಓದಿಯೂ 2009ರವರು ಅರ್ಜಿ ಹಾಕಿದ್ದರು, ಬಹಳ ಜನ. ಗುರುತು ತೆಗೆಯುವ ಮೊದಲು ಹಾಳೆಯನ್ನು ಮೇಲಿಂದ ಕೆಳಗೆ ಒಮ್ಮೆ ಸರಿಸಿದೆ. ಅದರಲ್ಲಿ ತಮ್ಮನ ಹೆಸರಿತ್ತು. ನನಗೆ ಹೇಳದೇ ಹಾಕಿದ್ದ.

ಗುರುತು ತೆಗೆದೆ. ನಮ್ಮವನೆಂದು ಒಬ್ಬನನ್ನು ಒಳಗೆ ಬಿಟ್ಟರೆ ವಶೀಲಿಯಾಗುತ್ತದೆ, ಅದು ನನ್ನ ಸ್ವಭಾವಕ್ಕೆ ಒಪ್ಪುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆವತ್ತು ಪ್ರಾಮಾಣಿಕಳಾಗಿ ನಡೆದುಕೊಂಡೆ ಎಂಬ ಸಮಾಧಾನದಲ್ಲೇ ಮನೆಗೆ ಹೋದೆ. ಒಬ್ಬನಿಗಾಗಿ ಷರತ್ತು ಸಡಿಲಿಸುವುದು ತಪ್ಪು ಎನ್ನುವುದು ಈಗಲೂ ನಿಜ. ಆ ಷರತ್ತನ್ನೇ ಎಲ್ಲರಿಗಾಗಿ ಕಿತ್ತುಹಾಕುವ ಅಧಿಕಾರ ಆ ಕ್ಷಣದಲ್ಲಿ ನನ್ನ ಕೈಯಲ್ಲೇ ಇತ್ತು ಎನ್ನುವುದೂ ಅಷ್ಟೇ ನಿಜ.

ಮುಂದಿನ ವರ್ಷಗಳಲ್ಲಿ ವಾಕಿನ್ ಸಂದರ್ಶನಗಳಲ್ಲಿ ಈ ಬ್ಯಾಚಿನವರು ಎದುರಿಗೆ ಬಂದು ಕೂರುತ್ತಿದ್ದರು. ರೆಸ್ಯೂಮೆಯಲ್ಲಿ ಒಂದು ವರ್ಷದ ಜಾಗದಲ್ಲಿ ‘ಪರ್ಸನಲ್ ರೀಸನ್ಸ್’ ಎಂದು ಇರುತ್ತಿತ್ತು. ‘ಈ ಒಂದು ವರ್ಷ ಏನ್ ಮಾಡ್ತಿದ್ರಿ?’ ಎಂದು ನಾನು ಎಲ್ಲರಿಗೂ ಒಂದೇ ದನಿಯಲ್ಲಿ ಕೇಳುತ್ತಿದ್ದೆ. ಹಾವೇರಿ ಕಡೆಯ ಒಬ್ಬ ಹುಡುಗ ‘ಮನ್ಯಾಗ ಇದ್ದೆ ಮೇಡಂ’ ಅಂದ. ಅಷ್ಟೇ. ಟೈ ಬಿಗಿಯಾಗಿತ್ತು, ಶರ್ಟಿನ ಕಾಲರಿನಲ್ಲಿ ಹೊಸ ಬಟ್ಟೆಯ ಮಡಿಕೆ ಹಾಗೇ ಇತ್ತು. ನಾನು ಹಾಳೆಯ ಮೇಲೆ ‘ಸಂವಹನ ಸಾಲದು’ ಎಂದು ಬರೆದೆ. ನಿಜ ಹೇಳಿದ್ದಕ್ಕೆ ಅವನಿಗೆ ಸಿಕ್ಕ ಷರಾ ಅದು.

ನಿಜ ಹೇಳಿದರೆ ಕೆಲಸವಿಲ್ಲ ಎಂದು ಗೊತ್ತಾದ ಮೇಲೆ ಕೆಲವರು ಬೇರೆ ದಾರಿ ಹಿಡಿದರು. ದುಡ್ಡು ಕೊಟ್ಟರೆ ಎರಡು ವರ್ಷದ ಅನುಭವದ ಪ್ರಮಾಣಪತ್ರ, ಸಂಬಳದ ಚೀಟಿ, ಫೋನ್ ಮಾಡಿದರೆ ‘ಹೌದು, ಇಲ್ಲೇ ಕೆಲಸ ಮಾಡ್ತಿದ್ರು’ ಎನ್ನಲು ಒಬ್ಬ ಮನುಷ್ಯ, ಎಲ್ಲವನ್ನೂ ಒದಗಿಸುವವರು ಊರಿನಲ್ಲಿ ಹುಟ್ಟಿಕೊಂಡಿದ್ದರು. ಅಂಥ ಒಂದು ಕಡತ ನನ್ನ ಕೈಗೂ ಬಂತು. ಲೆಟರ್‌ಹೆಡ್ಡಿನ ವಿಳಾಸಕ್ಕೆ ಜನ ಕಳಿಸಿದರೆ ಅಲ್ಲಿದ್ದದ್ದು ಒಂದು ವಸತಿ ಅಪಾರ್ಟ್‌ಮೆಂಟು. ಹುಡುಗನನ್ನು ತೆಗೆದುಹಾಕಿದೆವು, ಕಪ್ಪುಪಟ್ಟಿಗೂ ಸೇರಿಸಿದೆವು. ಮೋಸ ಮೋಸವೇ, ಅದನ್ನು ಸಮರ್ಥಿಸಲಾರೆ. ಆದರೆ ಅವನೂ 2009ರ ಬ್ಯಾಚಿನವನು. ಆ ಸುಳ್ಳಿಗೆ ಗಿರಾಕಿಗಳನ್ನು ತಯಾರು ಮಾಡಿದ್ದರಲ್ಲಿ ನಮ್ಮ ಷರತ್ತಿಗೂ ಪಾಲಿದೆ.

ಕೋರಿ ಕ್ರಾಫ್ಟ್, ಫೇಬಿಯನ್ ಲಾಂಗ, ಮ್ಯಾಥ್ಯೂ ನೊಟೊವಿಡಿಗ್ಡೊ ಎಂಬ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ 100 ನಗರಗಳಲ್ಲಿ ಸುಮಾರು 3,000 ಹುದ್ದೆಗಳಿಗೆ ಸುಮಾರು 12,000 ಕಾಲ್ಪನಿಕ ರೆಸ್ಯೂಮೆ ಕಳಿಸಿ, ಕೆಲಸವಿಲ್ಲದೆ ಕಳೆದ ತಿಂಗಳುಗಳ ಸಂಖ್ಯೆಯನ್ನು ಬೇರೆ ಬೇರೆಯಾಗಿ ತೋರಿಸಿದ್ದರು. ತಿಂಗಳು ಹೆಚ್ಚಿದಂತೆ ಸಂದರ್ಶನದ ಕರೆ ಕಡಿಮೆಯಾಗುತ್ತ ಹೋಯಿತು. ಮೊದಲ ಎಂಟು ತಿಂಗಳಲ್ಲೇ ಹೆಚ್ಚಿನ ಕುಸಿತ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿನ ಇನ್ನೊಂದು ಸಂಗತಿ. ಉದ್ಯೋಗ ಮಾರುಕಟ್ಟೆ ಚೆನ್ನಾಗಿರುವ ಊರುಗಳಲ್ಲೇ ಗ್ಯಾಪಿನ ಶಿಕ್ಷೆ ಹೆಚ್ಚು ಕಠಿಣವಾಗಿತ್ತು. ಎಲ್ಲರಿಗೂ ಕಷ್ಟ ಇರುವಾಗ ‘ಕಾಲ ಕೆಟ್ಟಿದೆ’ ಎಂದು ಮಾಲೀಕರು ಒಪ್ಪುತ್ತಾರೆ. ಕಾಲ ಸುಧಾರಿಸಿದ ಕೂಡಲೇ ದೋಷ ಮನುಷ್ಯನ ತಲೆಗೆ ಬರುತ್ತದೆ. 2010ರಲ್ಲಿ ಬೆಂಗಳೂರಿನಲ್ಲಿ ಕೂತು ನಾನು ಮಾಡಿದ್ದು ಇದನ್ನೇ.

‘ಈಗ ಕೆಲಸದಲ್ಲಿರುವವರು ಮಾತ್ರ ಅರ್ಜಿ ಹಾಕಿ’ ಎಂಬ ಜಾಹೀರಾತುಗಳು ಅಮೆರಿಕದಲ್ಲೂ ಆ ವರ್ಷಗಳಲ್ಲಿ ಬರುತ್ತಿದ್ದವು. ನ್ಯೂಜೆರ್ಸಿ ರಾಜ್ಯ 2011ರಲ್ಲಿ ಕಾನೂನು ಮಾಡಿ ಅಂಥ ಜಾಹೀರಾತನ್ನು ನಿಷೇಧಿಸಿತು. 2014ರಲ್ಲಿ ಬರಾಕ್ ಒಬಾಮಾ 300 ಕಂಪನಿಗಳಿಂದ, ಬಹಳ ಕಾಲ ಕೆಲಸವಿಲ್ಲದವರನ್ನು ಆ ಕಾರಣಕ್ಕೇ ದೂರ ಇಡುವುದಿಲ್ಲ ಎಂಬ ಮಾತು ಪಡೆದರು. ಅದರಿಂದ ಎಷ್ಟು ಪ್ರಯೋಜನವಾಯಿತೋ ಬೇರೆ ಮಾತು. ಅಲ್ಲಿ ಅದನ್ನು ಒಂದು ಅನ್ಯಾಯ ಎಂದು ಕರೆದದ್ದೇ ನನಗೆ ದೊಡ್ಡದಾಗಿ ಕಂಡಿತು. ನಮ್ಮಲ್ಲಿ ಅದನ್ನು ಅರ್ಹತೆ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತೇವೆ.

ತಮ್ಮ ಕೊನೆಗೆ ಮಾಚೇನಹಳ್ಳಿಗೆ ಹೋದಾಗ ಫೌಂಡ್ರಿಯ ಆ ಜಾಗ ತುಂಬಿತ್ತು. ಅವನು ಪೀಣ್ಯಕ್ಕೆ ಬಂದ. ಸಣ್ಣ ಮಷಿನ್ ಶಾಪಿನಲ್ಲಿ ಇನ್ಸ್‌ಪೆಕ್ಟರ್ ಕೆಲಸ, ವರ್ನಿಯರ್ ಹಿಡಿದು ದಿನವಿಡೀ ಅಳತೆ ನೋಡುವುದು. ಡಿಪ್ಲೊಮಾ ಮಾಡಿದವರಿಗಿಂತ ಕಡಿಮೆ ಸಂಬಳಕ್ಕೆ ಸೇರಿದ. ಸಿಎನ್‌ಸಿ ಕಲಿತ, ಶಾಪು ಬದಲಾಯಿಸಿದ, ಈಗ ಒಂದು ವಿಭಾಗ ನೋಡಿಕೊಳ್ಳುತ್ತಾನೆ. ಒಳ್ಳೆಯ ಕೆಲಸಗಾರ ಎಂದು ಹೆಸರಿದೆ. ಆದರೆ ಅವನ ಕಾಲೇಜಿನಿಂದ ಎರಡು ವರ್ಷ ತಡವಾಗಿ ಹೊರಬಂದವರು ಮೊದಲ ದಿನವೇ ಪಡೆದ ಸಂಬಳಕ್ಕೆ ಅವನು ಬಂದು ಮುಟ್ಟಲು ಬಹಳ ಕಾಲ ಹಿಡಿಯಿತು. ಹಿಂಜರಿತದ ವರ್ಷ ಪದವಿ ಪಡೆದವರ ಸಂಬಳ ಹದಿನೈದು ವರ್ಷ ಕಳೆದರೂ ಉಳಿದವರಿಗೆ ಸಮ ಆಗಿರುವುದಿಲ್ಲ ಎಂದು ಲೀಸಾ ಕಾನ್ ಎಂಬ ಅರ್ಥಶಾಸ್ತ್ರಜ್ಞೆ ಅಮೆರಿಕದ 1980ರ ದಶಕದ ಪದವೀಧರರ ಲೆಕ್ಕ ಇಟ್ಟು ತೋರಿಸಿದ್ದಾರೆ. ಒಂದು ಕೆಟ್ಟ ವರ್ಷ ಅಲ್ಲಿಗೇ ಮುಗಿಯುವುದಿಲ್ಲ.

ಕೆಲವು ವರ್ಷದ ಹಿಂದೆ ಅವನು ತುಮಕೂರು ರಸ್ತೆಯ ಆಚೆ ಸಣ್ಣದೊಂದು ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ಊಟವೆಲ್ಲ ಮುಗಿದು, ಶಾಮಿಯಾನದವರು ಕುರ್ಚಿ ಮಡಿಸಿ ಪೇರಿಸುತ್ತಿದ್ದಾಗ, ಫೌಂಡ್ರಿಯ ವಿಷಯ, ಎಕ್ಸೆಲ್ ಹಾಳೆಯ ವಿಷಯ ಎಲ್ಲವನ್ನೂ ಅವನ ಮುಂದೆ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ.

‘ಕಾಯಿ ಅಂದಿದ್ದು ನೀನೊಬ್ಳೇ ಅಲ್ಲ ಅಕ್ಕ,’ ಅಂದ ಆಮೇಲೆ. ‘ಕಂಪ್ನಿಯವ್ರೂ ಕಾಯಿ ಅಂದ್ರು. ಪ್ಲೇಸ್‌ಮೆಂಟ್ ಆಫೀಸರೂ ಕಾಯಿ ಅಂದ್ರು. ಅಪ್ಪನೂ ಅದನ್ನೇ ಹೇಳಿದ್ರು. ಕಾದೆ. ಆಮೇಲೆ ಎಲ್ಲ ಸೇರಿ ಯಾಕೆ ಸುಮ್ನೆ ಕೂತಿದ್ದೆ ಅಂತ ಕೇಳಿದ್ರಲ್ಲ, ಅದಕ್ಕೆ ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ.’

ನಾನು ಫೋನ್ ಎತ್ತದೇ ಹೋದದ್ದನ್ನೂ ಹೇಳಿದೆ.

‘ಕೆಲ್ಸ ಕೊಡಿಸು ಅನ್ನಕ್ಕೆ ಮಾಡಿದ್ದಲ್ಲ ಕಣೆ ಅದು. ಆ ವರ್ಷಕ್ಕೆ ರೆಸ್ಯೂಮೇಲಿ ಏನು ಬರೀಲಿ ಅಂತ ಕೇಳಕ್ಕೆ. ನಿಮ್ಮೋರು ಏನು ನೋಡ್ತೀರ ಅಂತ ನಿನಗೆ ಗೊತ್ತಿರತ್ತಲ್ಲ.’

ಮನೆಯವರಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ಅದಕ್ಕೆ ಐದು ನಿಮಿಷ ಸಾಕಾಗಿತ್ತು.

2022ರ ಮಾರ್ಚಿನಲ್ಲಿ ಸೊನ್ನೆಯ ಹತ್ತಿರ ಇದ್ದ ಅಮೆರಿಕದ ಬಡ್ಡಿದರ 2023ರ ಜುಲೈ ಹೊತ್ತಿಗೆ ಶೇ. 5.25ನ್ನು ದಾಟಿತು. ಕೊರೋನಾ ನಂತರ ಕೈಗೆ ಸಿಕ್ಕವರನ್ನೆಲ್ಲ ಬಾಚಿಕೊಂಡಿದ್ದ ಐಟಿ ಕಂಪನಿಗಳು ಕೈ ಹಿಂದೆಗೆದವು. ಆಫರ್ ಲೆಟರ್ ಹಿಡಿದ 2022ರ ಬ್ಯಾಚಿನವರು ತಿಂಗಳುಗಟ್ಟಲೆ, ಕೆಲವರು ವರ್ಷದ ಮೇಲೂ, ಜಾಯ್ನಿಂಗ್ ಡೇಟಿಗೆ ಕಾದರು. ಅದೇ ಪದ, ಅದೇ ‘ವ್ಯವಹಾರದ ಅಗತ್ಯ’. ನಾನೀಗ ಬೇರೊಂದು ಕಂಪನಿಯಲ್ಲಿ ನೇಮಕಾತಿಯ ಹೊಣೆ ಹೊತ್ತವಳು. ನಮ್ಮ ಜಾಹೀರಾತಿನಲ್ಲಿ ಪಾಸಾದ ವರ್ಷವನ್ನು 2021ರಿಂದ ತೆರೆದೆ. ಗ್ಯಾಪ್ ಇರಬಾರದು ಎಂಬುದನ್ನು ತೆಗೆದೆ. ‘ಗ್ಯಾಪಿಗೆ ಕಾರಣ ಕೊಡಿ’ ಎಂದು ಫಾರಂನಲ್ಲಿದ್ದ ಜಾಗದಲ್ಲಿ ‘ಈ ಅವಧಿಯಲ್ಲಿ ಮಾಡಿದ ಕೆಲಸ, ಸಂಬಳ ಇದ್ದರೂ ಇಲ್ಲದಿದ್ದರೂ’ ಎಂದು ಹಾಕಿಸಿದೆ. ಪರೀಕ್ಷೆಯ ಪತ್ರಿಕೆ ತಿದ್ದುವವರಿಗೆ ಹೆಸರಾಗಲಿ ವರ್ಷವಾಗಲಿ ಕಾಣದ ಹಾಗೆ ಮಾಡಿದೆವು.

ಆ ಜಾಗದಲ್ಲಿ ಬಂದ ಉತ್ತರಗಳನ್ನು ಓದಬೇಕು. ಅಪ್ಪನ ಹಾರ್ಡ್‌ವೇರ್ ಅಂಗಡಿಯ ಸ್ಟಾಕ್ ಪೂರ್ತಿ ಟ್ಯಾಲಿಗೆ ಹಾಕಿದೆ. ಗ್ರಾಮ ಒನ್ ಕೇಂದ್ರದಲ್ಲಿ ಆಪರೇಟರ್ ಆಗಿದ್ದೆ, ಪಹಣಿ, ಜಾತಿ ಪ್ರಮಾಣಪತ್ರದ ಅರ್ಜಿ ಹಾಕಿಕೊಡುತ್ತಿದ್ದೆ. ರಾತ್ರಿ ಊಟದ ಡೆಲಿವರಿ, ಹಗಲು ಪೈಥಾನ್. ಅಜ್ಜಿಗೆ ಲಕ್ವ ಹೊಡೆದಿತ್ತು, ನೋಡಿಕೊಂಡೆ. ಇವರಲ್ಲಿ ಕೆಲವರು ಪರೀಕ್ಷೆಯಲ್ಲಿ ಬಹಳ ಚೆನ್ನಾಗಿ ಮಾಡಿದರು, ಕೆಲವರಿಗೆ ಆಗಲಿಲ್ಲ. ಆ ವರ್ಷವೇ ಪಾಸಾದವರಲ್ಲೂ ಹಾಗೇ ಇತ್ತು.

ಕಾಯುತ್ತಿರುವ ಹುಡುಗ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ನನ್ನ ತಮ್ಮ ಅಂದು ಕೇಳಬೇಕೆಂದಿದ್ದಕ್ಕೆ ನನ್ನ ಉತ್ತರ ಇದು. ಆ ವರ್ಷವನ್ನು ಖಾಲಿ ಬಿಡಬೇಡಿ, ‘ಪರ್ಸನಲ್ ರೀಸನ್ಸ್’ ಎಂದಂತೂ ಬರೆಯಲೇಬೇಡಿ. ಆಫರ್ ಲೆಟರಿನ ತಾರೀಖು, ಮುಂದೂಡಿದ ಪ್ರತಿ ಮೇಲ್‌ನ ತಾರೀಖು ಬರೆದು, ಅವುಗಳ ಪ್ರತಿ ಲಗತ್ತಿಸಿ. ಕೈಗೆ ಸಿಕ್ಕ ಕೆಲಸ ಯಾವುದೇ ಆದರೂ ಮಾಡಿ, ಅದನ್ನೂ ಇದ್ದ ಹಾಗೇ ಬರೆಯಿರಿ. ಬಾಂಡ್ ಇದ್ದರೆ ಮುರಿದರೆ ಎಷ್ಟು ಕಟ್ಟಬೇಕೆಂದು ಮೊದಲು ಓದಿ ನೋಡಿ, ಅನೇಕ ಸಲ ಅದು ಒಂದು ವರ್ಷ ಕೂತು ಕಳೆಯುವುದಕ್ಕಿಂತ ಅಗ್ಗ. ಕಾಯಿರಿ ಎಂದು ಹೇಳುವವರನ್ನು ಎಲ್ಲಿಯವರೆಗೆ ಎಂದು ಕೇಳಿ, ಆ ತಾರೀಖನ್ನು ಅವರಿಂದ ಬರಹದಲ್ಲೇ ಪಡೆಯಿರಿ.

ನನ್ನ ಕಡೆಯ ಕೆಲಸ ಇನ್ನೂ ಬಾಕಿ ಇದೆ. ನಮ್ಮ ಅಭ್ಯರ್ಥಿಗಳ ಹಿನ್ನೆಲೆ ಪರಿಶೀಲಿಸುವ ಹೊರಗಿನ ಸಂಸ್ಥೆ, ಮೂರು ತಿಂಗಳಿಗಿಂತ ಹೆಚ್ಚಿನ ಗ್ಯಾಪ್ ಕಂಡರೆ ವರದಿಯಲ್ಲಿ ಆ ಸಾಲನ್ನು ಈಗಲೂ ಕೆಂಪು ಮಾಡಿ ಕಳಿಸುತ್ತದೆ. ಗ್ರಾಹಕ ಕಂಪನಿಯವರು ಮೊದಲು ನೋಡುವುದು ಆ ಕೆಂಪನ್ನೇ. ಸದ್ಯಕ್ಕೆ ಅಂಥ ಪ್ರತಿ ಕಡತಕ್ಕೂ ನಾನೇ ಟಿಪ್ಪಣಿ ಬರೆದು ಸಹಿ ಹಾಕಿ ಕಳಿಸುತ್ತಿದ್ದೇನೆ. ಒಪ್ಪಂದ ನವೀಕರಿಸುವಾಗ ಆ ನಿಯಮವನ್ನು ತೆಗೆಯಬೇಕು ಎಂದು ಎರಡೂ ಕಡೆಗೆ ಪತ್ರ ಹಾಕಿದ್ದೇನೆ. ಪರಿಶೀಲನೆಯವರು ಒಪ್ಪಿದ್ದಾರೆ, ಗ್ರಾಹಕರಿಂದ ಇನ್ನೂ ಉತ್ತರ ಬಂದಿಲ್ಲ.